ಆರು ಮಂದಿ ಬಂದರು, ಕೋವಿ ಎಲ್ಲಿ? – ಮಲೆನಾಡಿನ ನಕ್ಸಲರ ಶಸ್ತ್ರತ್ಯಾಗ ಮತ್ತು ಮುಖ್ಯಮಂತ್ರಿಯ ಪ್ರತಿಕ್ರಿಯೆ

ತ್ಯಾಗರಾಜನಗರ, ಬೆಂಗಳೂರು: 2025ರ ಜನವರಿ 8ರಂದು ಸಂಜೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಮುಖ್ಯಮಂತ್ರಿಗಳ ಗೃಹ ಕಚೇರಿ ‘ಕೃಷ್ಣಾ’ದಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮುಂದೆ ಶರಣಾದರು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಗೃಹ ಸಚಿವ ಡಾ. ಜಿ. ಪರಮೇಶ್ವರ ಮತ್ತು ಪೊಲೀಸ್ ಹಿರಿಯ ಅಧಿಕಾರಿಗಳು ಹಾಜರಿದ್ದರು. ಮುಖ್ಯಮಂತ್ರಿಗಳು ಬಂದವರ ಕೈಗೆ ಗುಲಾಬಿ ಹೂ ಮತ್ತು ಭಾರತದ ಸಂವಿಧಾನದ ಪ್ರತಿ ಕೊಟ್ಟು ಬರಮಾಡಿಕೊಂಡರು. ತಂಡದ ನಾಯಕಿ ಮುಂಡಗಾರು ಲತಾ ತಮ್ಮ ಸಮವಸ್ತ್ರವನ್ನೂ ಬೇಡಿಕೆಗಳ ಪತ್ರವನ್ನೂ ಮುಖ್ಯಮಂತ್ರಿಗಳಿಗೆ ಒಪ್ಪಿಸಿದರು.

ಕೋವಿಯನ್ನು ಮಾತ್ರ ಯಾರೂ ಒಪ್ಪಿಸಲಿಲ್ಲ.

ನಮ್ಮ ಕರಾವಳಿ ಮತ್ತು ಮಲೆನಾಡಿನವರಿಗೆ ಈ ವಿಷಯ ತಟ್ಟನೆ ಕಣ್ಣಿಗೆ ಬೀಳುತ್ತದೆ. ಪ್ರತಿ ಚುನಾವಣೆ ಘೋಷಣೆಯಾದಾಗಲೂ ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯ ಕೃಷಿಕರು ಹಂದಿ, ಮಂಗಗಳಿಂದ ತೋಟ ಕಾಯಲೆಂದು ಇಟ್ಟುಕೊಂಡ ಪರವಾನಗಿ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಠಾಣೆಗೆ ಹೋಗಿ ಠೇವಣಿ ಇಟ್ಟು, ರಶೀದಿ ಪಡೆದು ಬರಬೇಕು. ತಡವಾದರೆ ಮನೆಗೆ ಕರೆ ಬರುತ್ತದೆ. ಒಂದು ಹಳೆಯ ತೋಟೆಕೋವಿಗೂ ಲೆಕ್ಕ ಕೇಳುವ ಸರಕಾರ, ಇಪ್ಪತ್ತು ವರ್ಷ ಕಾಡಿನಲ್ಲಿ ಶಸ್ತ್ರ ಹಿಡಿದವರನ್ನು ಬರಿಗೈಯಲ್ಲಿ ಹೇಗೆ ಸ್ವೀಕರಿಸಿತು? ಊರು ಬಿಟ್ಟು ಬಂದು ಇಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರೂ ಆ ದಿನಗಳಲ್ಲಿ ಪೂಜೆ ಮುಗಿಸಿ ಹೊರಗೆ ನಿಂತಾಗ ಇದನ್ನೇ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರವನ್ನು, ಅದರ ಹಿಂದಿನ ಇತಿಹಾಸದೊಂದಿಗೆ, ಓದುಗರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಬಂದವರು ಯಾರು?

ಶೃಂಗೇರಿ ತಾಲೂಕಿನ ಮುಂಡಗಾರು ಲತಾ, ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಸುಂದರಿ, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊಳೆಯ ವನಜಾಕ್ಷಿ, ರಾಯಚೂರು ಜಿಲ್ಲೆಯ ಮಾರೆಪ್ಪ ಅರೋಲಿ ಅಲಿಯಾಸ್ ಜಯಣ್ಣ, ತಮಿಳುನಾಡಿನ ವಸಂತ್ ಮತ್ತು ಕೇರಳದ ವಯನಾಡಿನ ಜಿಷಾ – ಇವರೇ ಆ ಆರು ಮಂದಿ. ಆರರಲ್ಲಿ ನಾಲ್ವರು ಹೆಂಗಸರು. ಲತಾ ಅವರೊಬ್ಬರ ಮೇಲೆಯೇ ಎಂಬತ್ತಕ್ಕೂ ಹೆಚ್ಚು ಪ್ರಕರಣಗಳಿದ್ದವು.

ಇವರ ನಂತರ ಉಳಿದಿದ್ದವರು ಇಬ್ಬರು. ಕೋಟೆಹೊಂಡ ರವೀಂದ್ರ ಫೆಬ್ರವರಿ 1ರಂದು ಚಿಕ್ಕಮಗಳೂರಿನಲ್ಲಿ ಶರಣಾದರು. ಮರುದಿನ ಕುಂದಾಪುರ ತಾಲೂಕಿನ ತೊಂಬಟ್ಟು ಲಕ್ಷ್ಮೀ ಉಡುಪಿಯಲ್ಲಿ ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳ ಮುಂದೆ ಹಾಜರಾದರು. ಲಕ್ಷ್ಮೀ ವರ್ಷಗಳ ಹಿಂದೆಯೇ ಕಾಡು ಬಿಟ್ಟು ಆಂಧ್ರಪ್ರದೇಶದಲ್ಲಿ ಸಂಸಾರ ಮಾಡಿಕೊಂಡಿದ್ದವರು. ಅವರ ಮೇಲೆ ಇದ್ದದ್ದು ಅಮಾಸೆಬೈಲು ಠಾಣೆಯ ಮೂರು ಪ್ರಕರಣಗಳು, ಅವೂ 2007–08ರ ಕಾಲದವು. ಇದರೊಂದಿಗೆ ಕರ್ನಾಟಕ ನಕ್ಸಲ್ ಮುಕ್ತವಾಯಿತೆಂದು ಸರಕಾರ ಸಾರಿತು.

ಒಂದು ಮಾತು ಇಲ್ಲಿಯೇ ಹೇಳಬೇಕು. ಪತ್ರಿಕೆಗಳೆಲ್ಲ ‘ಶರಣಾಗತಿ’ ಎಂದು ಬರೆದರೂ ಮಾತುಕತೆ ನಡೆಸಿದವರು ಆ ಪದ ಬಳಸಲು ಇಷ್ಟಪಡಲಿಲ್ಲ. ‘ಮುಖ್ಯವಾಹಿನಿಗೆ ಮರಳುವುದು’ ಎಂಬುದು ಅವರ ಪದ. ಸೋತು ಬಂದವರಿಗೂ ಮನಸ್ಸು ಬದಲಿಸಿ ಬಂದವರಿಗೂ ವ್ಯತ್ಯಾಸ ಇದೆ ಎಂಬುದು ಅವರ ವಾದ. ಈ ಪದದ ಜಗಳ ಚಿಕ್ಕದಾಗಿ ಕಂಡರೂ ಕೋವಿಯ ಪ್ರಶ್ನೆಯ ಬೇರು ಇಲ್ಲಿದೆ.

ಕಬ್ಬಿನಾಲೆಯಿಂದ ‘ಕೃಷ್ಣಾ’ದವರೆಗೆ

ಮುಖ್ಯಮಂತ್ರಿಗಳ ಗುಲಾಬಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದಕ್ಕೂ ಏಳು ವಾರ ಹಿಂದಕ್ಕೆ ಹೋಗಬೇಕು. 2024ರ ನವೆಂಬರ್ 18ರ ರಾತ್ರಿ ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ದಳದವರ ಗುಂಡಿಗೆ ನಾಯಕ ವಿಕ್ರಂ ಗೌಡ ಬಲಿಯಾದರು. ಅವರು ಅಲ್ಲಿಯೇ ಪಕ್ಕದ ನಾಡ್ಪಾಲು ಗ್ರಾಮದವರು. ಇದು ನಿಜವಾದ ಗುಂಡಿನ ಚಕಮಕಿಯೇ ಎಂದು ಹಲವರು ಪ್ರಶ್ನಿಸಿದರು, ನ್ಯಾಯಾಂಗ ತನಿಖೆ ಆಗಬೇಕೆಂದರು. ಸಿದ್ದರಾಮಯ್ಯ ಅವರು ಆಗ ಪೊಲೀಸರನ್ನು ಸಮರ್ಥಿಸಿಕೊಂಡರು. ವಿಕ್ರಂ ಗೌಡರ ಮೇಲೆ ಅರುವತ್ತಕ್ಕೂ ಹೆಚ್ಚು ಪ್ರಕರಣಗಳಿದ್ದವು, ಶರಣಾಗಲು ಅವಕಾಶ ಇದ್ದರೂ ಆಗಲಿಲ್ಲ ಎಂಬುದು ಸರಕಾರದ ನಿಲುವಾಗಿತ್ತು.

ಹೀಗೆ ಒಂದು ಕೈಯಲ್ಲಿ ಕಠಿಣ ಮಾತು, ಇನ್ನೊಂದು ಕೈಯಲ್ಲಿ ಆಹ್ವಾನ. ಕಾಡಿನಲ್ಲಿ ಉಳಿದವರು ಹಿಂಸೆಯ ದಾರಿ ಬಿಟ್ಟು ಬರಬೇಕು, ಬಂದರೆ ಸರಕಾರ ಸಹಾನುಭೂತಿಯಿಂದ ನಡೆದುಕೊಳ್ಳುತ್ತದೆ ಎಂದು ಮುಖ್ಯಮಂತ್ರಿಗಳು ಕರೆ ನೀಡಿದರು. ಸರಕಾರ ನೇಮಿಸಿದ ಶರಣಾಗತಿ ಸಮಿತಿಯಲ್ಲಿ ಲೇಖಕ ಡಾ. ಬಂಜಗೆರೆ ಜಯಪ್ರಕಾಶ್, ಶಿವಮೊಗ್ಗದ ವಕೀಲ ಕೆ.ಪಿ. ಶ್ರೀಪಾಲ್ ಮತ್ತು ಪತ್ರಕರ್ತ ಪಾರ್ವತೀಶ ಬಿಳಿದಾಳೆ ಇದ್ದರು. ಇವರ ಜೊತೆ ‘ಶಾಂತಿಗಾಗಿ ನಾಗರಿಕರ ವೇದಿಕೆ’ಯವರು ಕಾಡಿಗೂ ಸರಕಾರಕ್ಕೂ ನಡುವೆ ಓಡಾಡಿದರು. ಶರಣಾಗತಿ ಮೊದಲು ನಿಗದಿಯಾದದ್ದು ಚಿಕ್ಕಮಗಳೂರಿನಲ್ಲಿ. ಎಲ್ಲಾ ಸಿದ್ಧತೆ ಆದ ಮೇಲೆ ಕೊನೆಯ ಗಳಿಗೆಯಲ್ಲಿ ಬೆಂಗಳೂರಿಗೆ ಬದಲಾಯಿತು.

ಬೇಡಿಕೆಗಳೇನು? ಎಲ್ಲಾ ಪ್ರಕರಣಗಳನ್ನು ಒಂದೇ ವಿಶೇಷ ನ್ಯಾಯಾಲಯದಲ್ಲಿ ಬೇಗನೆ ವಿಚಾರಣೆ ಮಾಡುವುದು, ಕಾನೂನು ನೆರವು ಮತ್ತು ಜಾಮೀನಿಗೆ ಸಹಕಾರ, ಕೇರಳ ಮತ್ತು ತಮಿಳುನಾಡಿನ ಪ್ರಕರಣಗಳ ಇತ್ಯರ್ಥಕ್ಕೆ ಮಾತುಕತೆ, ವಿಕ್ರಂ ಗೌಡ ಸಾವಿನ ತನಿಖೆ, ಆದಿವಾಸಿಗಳ ಭೂಮಿಯ ಹಕ್ಕು. ಹಣ ಈ ಪಟ್ಟಿಯ ಮುಖ್ಯ ವಿಷಯವಾಗಿರಲಿಲ್ಲ. ಆದರೂ ಸುದ್ದಿಯಾದದ್ದು ಹಣವೇ: ರಾಜ್ಯದವರಿಗೆ ತಲಾ 7.5 ಲಕ್ಷ ರೂಪಾಯಿ, ಹೊರರಾಜ್ಯದವರಿಗೆ ತಲಾ 4 ಲಕ್ಷ, ಕಂತುಗಳಲ್ಲಿ.

ಮುಖ್ಯಮಂತ್ರಿ ಏನು ಹೇಳಿದರು

ಅಂದು ಸಿದ್ದರಾಮಯ್ಯ ಅವರು ಹೇಳಿದ್ದರ ಸಾರ ಇಷ್ಟು. ಅನ್ಯಾಯದ ವಿರುದ್ಧ ಹೋರಾಡುವುದು ತಪ್ಪಲ್ಲ, ಅದು ಎಲ್ಲರ ಹಕ್ಕು. ಆದರೆ ಹೋರಾಟ ಸಂವಿಧಾನದ ದಾರಿಯಲ್ಲಿ, ಶಾಂತಿಯುತವಾಗಿ ನಡೆಯಬೇಕು. ಶಸ್ತ್ರದಿಂದ ಸಮಾಜ ಬದಲಾಗದು. ಬೇಡಿಕೆಗಳನ್ನು ಕಾನೂನಿನ ಚೌಕಟ್ಟಿನಲ್ಲಿ ಪರಿಶೀಲಿಸಲಾಗುವುದು. ಪ್ರಕರಣಗಳನ್ನು ಕೈಬಿಡುತ್ತೇವೆ ಎಂದು ಅವರು ಹೇಳಲಿಲ್ಲ, ಬೇಗ ವಿಚಾರಣೆ ಆಗುವಂತೆ ನೋಡಿಕೊಳ್ಳುತ್ತೇವೆ ಎಂದರು. ಇದಕ್ಕೆ ದುಡಿದ ಪೊಲೀಸರಿಗೆ ಮುಖ್ಯಮಂತ್ರಿ ಪದಕ ಕೊಡುವ ಮಾತನ್ನೂ ಆಡಿದರು.

ಈ ಮಾತುಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೊದಲನೆಯದು. ಅಧಿಕಾರದಲ್ಲಿರುವ ಒಬ್ಬರು, ಕಾಡಿಗೆ ಹೋದವರ ದಾರಿ ತಪ್ಪು ಎಂದು ಹೇಳುವಾಗಲೇ ಅವರ ಸಿಟ್ಟಿಗೆ ಕಾರಣ ಇತ್ತು ಎಂದು ಒಪ್ಪಿಕೊಂಡದ್ದು. ಇದನ್ನು ಅವರ ವಿರೋಧಿಗಳು ದೌರ್ಬಲ್ಯವೆಂದರು. ಬಿಜೆಪಿ ನಾಯಕರ ಆಕ್ಷೇಪ ಮೂರು ಬಗೆಯದು: ಶಸ್ತ್ರವಿಲ್ಲದೆ ಎಂಥ ಶಸ್ತ್ರತ್ಯಾಗ? ನ್ಯಾಯಾಲಯಕ್ಕೆ ಹೋಗಬೇಕಾದವರಿಗೆ ಮುಖ್ಯಮಂತ್ರಿಯ ಮನೆಯಲ್ಲಿ ಯಾಕೆ ಸ್ವಾಗತ? ಕೊಲೆಯಾದವರ ಮನೆಯವರ ಗತಿ ಏನು?

ಮೂರರಲ್ಲಿ ಕೊನೆಯದನ್ನು ಪಕ್ಷದ ಮಾತೆಂದು ತಳ್ಳಿಹಾಕುವಂತಿಲ್ಲ. 2008ರ ಮೇ ತಿಂಗಳಲ್ಲಿ ಹೆಬ್ರಿ ಸಮೀಪದ ಸೀತಾನದಿಯಲ್ಲಿ ಒಬ್ಬ ಶಿಕ್ಷಕರೂ ಅವರ ಜೊತೆಗಿದ್ದ ಇನ್ನೊಬ್ಬರೂ ನಕ್ಸಲರ ಗುಂಡಿಗೆ ಸತ್ತರು. 2011ರ ಡಿಸೆಂಬರ್‌ನಲ್ಲಿ ಇದೇ ಕಬ್ಬಿನಾಲೆಯಲ್ಲಿ ಒಬ್ಬ ಮಲೆಕುಡಿಯ ಗೃಹಸ್ಥರನ್ನು ಪೊಲೀಸರಿಗೆ ಮಾಹಿತಿ ಕೊಡುತ್ತಾರೆಂಬ ಆರೋಪ ಹೊರಿಸಿ ಕೊಂದರು. ಯಾರ ಪರವಾಗಿ ಕೋವಿ ಹಿಡಿದಿದ್ದೇವೆ ಎಂದು ಹೇಳುತ್ತಿದ್ದರೋ ಅದೇ ಸಮುದಾಯದ ಮನುಷ್ಯ. ಹದಿಮೂರು ವರ್ಷಗಳ ನಂತರ ಅದೇ ಗ್ರಾಮದಲ್ಲಿ ವಿಕ್ರಂ ಗೌಡ ಸತ್ತರು. ಒಂದೇ ಊರು ಎರಡೂ ಬದಿಯ ಗುಂಡಿನ ಸದ್ದು ಕೇಳಿತು. ಜನವರಿ 8ರ ಸುದ್ದಿಗಳಲ್ಲಿ ಈ ಮನೆಗಳ ಹೆಸರು ಹೆಚ್ಚು ಕೇಳಿಸಲಿಲ್ಲ. ಸರಕಾರ ಅವರನ್ನೂ ಅಂದು ನೆನೆದಿದ್ದರೆ ಗುಲಾಬಿಗೆ ಇನ್ನಷ್ಟು ಬೆಲೆ ಬರುತ್ತಿತ್ತು.

ಕೋವಿ ಸಿಕ್ಕಿದ್ದು ಎಲ್ಲಿ?

ಶಸ್ತ್ರಗಳು ಕಾಡಿನಲ್ಲಿವೆ, ಪೊಲೀಸರು ಅವನ್ನು ವಶಪಡಿಸಿಕೊಳ್ಳುತ್ತಾರೆ ಎಂದು ಸರಕಾರ ಉತ್ತರಿಸಿತು. ಎರಡು ದಿನ ಬಿಟ್ಟು, ಜನವರಿ 10ರಂದು, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲೂಕಿನ ಮೇಗೂರು ಕಾಡಿನಲ್ಲಿ ಅವು ಸಿಕ್ಕವು. ಒಂದು ಎಕೆ–56, ಮೂರು .303 ರೈಫಲ್, ಒಂದು 12 ಬೋರ್ ಕೋವಿ, ಒಂದು ನಾಡ ಪಿಸ್ತೂಲು, ಜೊತೆಗೆ 176 ಸಜೀವ ಗುಂಡುಗಳು. ಜಯಪುರ ಠಾಣೆಯಲ್ಲಿ ಪ್ರಕರಣ ದಾಖಲಾಯಿತು.

ಆರು ಜನ, ಆರು ಶಸ್ತ್ರ. ಲೆಕ್ಕ ಸರಿಹೊಂದುತ್ತದೆ ಎನ್ನಬಹುದು. ಆದರೆ ಲೆಕ್ಕ ಒಪ್ಪಿಸಿದ ಬಗೆ ಮಾತ್ರ ಅರೆಬರೆಯಾಯಿತು. ಕಾಡಿನಲ್ಲಿ ಬಿಟ್ಟು ಬಂದ ಕೋವಿಯನ್ನು ಪೊಲೀಸರು ಹುಡುಕಿ ತಂದರೆ ಅದು ಕಾನೂನಿನ ಕಣ್ಣಿಗೆ ‘ವಶಪಡಿಸಿಕೊಂಡ ಮಾಲು’. ಹೊರಗಿನವರು ಯಾರೂ ಅಲ್ಲಿ ಸಾಕ್ಷಿಯಾಗಿ ಕಾಣಿಸಲಿಲ್ಲ. ಸಮಿತಿಯ ಸದಸ್ಯರೇ ಮುಂದೆ ನಿಂತು ‘ಇಷ್ಟು ಇತ್ತು, ಇಷ್ಟೂ ಬಂತು’ ಎಂದು ಸಾರ್ವಜನಿಕರಿಗೆ ಹೇಳುವ ಏರ್ಪಾಡು ಇದ್ದಿದ್ದರೆ ಬಾಯಿ ಮುಚ್ಚಿಸುವುದು ಸುಲಭವಿತ್ತು. ಇದು ನನ್ನ ಅಭಿಪ್ರಾಯ. ಭಿನ್ನಾಭಿಪ್ರಾಯ ಇರುವವರೂ ಇದ್ದಾರೆ. ಕೋವಿ ಹೊತ್ತು ಕಾಡಿನಿಂದ ಇಳಿದು ಬರುವ ದಾರಿಯಲ್ಲೇ ಗುಂಡು ಬೀಳುವ ಭಯ ಅವರಿಗಿತ್ತು, ಏಳು ವಾರದ ಹಿಂದಷ್ಟೇ ನಾಯಕ ಸತ್ತಿದ್ದ, ಬರಿಗೈಯಲ್ಲಿ ಬರುವುದೇ ಜೀವ ಉಳಿಸಿಕೊಳ್ಳುವ ದಾರಿ ಎನ್ನುತ್ತಾರೆ ಅವರು. ಆ ಮಾತಿನಲ್ಲೂ ಹುರುಳಿಲ್ಲದಿಲ್ಲ.

ಬೇರೆ ಕಡೆ ಹೇಗೆ ನಡೆಯಿತು

ಶಸ್ತ್ರಕ್ಕೆ ಸಾಕ್ಷಿ ಯಾರು ಎಂಬ ಪ್ರಶ್ನೆಯಲ್ಲೇ ಒಂದು ಇಡೀ ಶಾಂತಿ ಒಪ್ಪಂದ ವರ್ಷಗಟ್ಟಲೆ ಸಿಕ್ಕಿಬಿದ್ದ ಉದಾಹರಣೆ ಉತ್ತರ ಐರ್ಲೆಂಡಿನದು. 1998ರ ಏಪ್ರಿಲ್ 10, ಶುಭ ಶುಕ್ರವಾರದಂದು ಅಲ್ಲಿ ಒಪ್ಪಂದವಾಯಿತು. ಎರಡು ವರ್ಷದೊಳಗೆ ಶಸ್ತ್ರಗಳೆಲ್ಲ ಹೋಗಬೇಕೆಂಬುದು ಗುರಿ. ಹೋಗಲಿಲ್ಲ. ಐರಿಷ್ ರಿಪಬ್ಲಿಕನ್ ಆರ್ಮಿ ಶಸ್ತ್ರ ಕೆಳಗಿಡದೆ ಸರಕಾರದಲ್ಲಿ ಒಟ್ಟಿಗೆ ಕೂರುವುದಿಲ್ಲ ಎಂದು ಪ್ರೊಟೆಸ್ಟಂಟ್ ಪಕ್ಷಗಳು ಪಟ್ಟುಹಿಡಿದವು. ಅವರ ಹಿರಿಯ ನಾಯಕ ಇಯಾನ್ ಪೇಸ್ಲಿ, ಶಸ್ತ್ರನಾಶದ ಫೋಟೋ ಬೇಕು ಎಂದರು. ಫೋಟೋ ತೆಗೆಸಿಕೊಳ್ಳುವುದು ಅವಮಾನ, ಸೋತವರ ಮೆರವಣಿಗೆ ಮಾಡಿದಂತೆ ಎಂದು ಇನ್ನೊಂದು ಬದಿಯವರು ನಿರಾಕರಿಸಿದರು. ನಮ್ಮಲ್ಲಿ ‘ಶರಣಾಗತಿ’ ಎಂಬ ಪದದ ಬಗ್ಗೆ ಇದ್ದ ಮುಜುಗರವೇ ಅಲ್ಲಿ ಫೋಟೋದ ಬಗ್ಗೆ ಇತ್ತು.

2005ರ ಏಪ್ರಿಲ್‌ನಲ್ಲಿ ಸಿನ್ ಫೇನ್ ಪಕ್ಷದ ನಾಯಕ ಜೆರ್ರಿ ಆಡಮ್ಸ್ ಶಸ್ತ್ರದ ದಾರಿ ಬಿಟ್ಟು ರಾಜಕೀಯದ ದಾರಿ ಹಿಡಿಯುವಂತೆ ಬಹಿರಂಗ ಕರೆ ಕೊಟ್ಟರು. ಜುಲೈ 28ರಂದು ಐಆರ್‌ಎ ತನ್ನ ಸಶಸ್ತ್ರ ಹೋರಾಟ ಮುಗಿಯಿತೆಂದು ಘೋಷಿಸಿತು. ಸೆಪ್ಟೆಂಬರ್ 26ರಂದು ಅಂತರರಾಷ್ಟ್ರೀಯ ಆಯೋಗದ ಮುಖ್ಯಸ್ಥ, ಕೆನಡಾದ ಜನರಲ್ ಜಾನ್ ಡಿ ಶಾಸ್ಟಲೇನ್ ಶಸ್ತ್ರಗಳೆಲ್ಲ ಬಳಕೆಗೆ ಬಾರದಂತಾದವು ಎಂದು ಪ್ರಕಟಿಸಿದರು. ಫೋಟೋ ಇರಲಿಲ್ಲ. ಅದರ ಬದಲು ಇಬ್ಬರು ಸಾಕ್ಷಿಗಳಿದ್ದರು: ಬೆಲ್‌ಫಾಸ್ಟಿನ ಕ್ಲೊನಾರ್ಡ್ ಮಠದ ರಿಡೆಂಪ್ಟರಿಸ್ಟ್ ಧರ್ಮಗುರು ವಂ. ಅಲೆಕ್ ರೀಡ್ ಮತ್ತು ಮೆಥಡಿಸ್ಟ್ ಸಭೆಯ ರೆವರೆಂಡ್ ಹೆರಾಲ್ಡ್ ಗುಡ್. ತಾವು ಕಣ್ಣಾರೆ ಕಂಡದ್ದನ್ನು ಇಬ್ಬರೂ ಒಟ್ಟಿಗೆ ನಿಂತು ಹೇಳಿದರು. (ಬೆಂಗಳೂರಿನ ಹೋಲಿ ಗೋಸ್ಟ್ ಚರ್ಚಿಗೆ ಹೋಗಿ ಬಂದ ನಮ್ಮವರಿಗೆ ರಿಡೆಂಪ್ಟರಿಸ್ಟರು ಅಪರಿಚಿತರೇನಲ್ಲ.) ಬ್ರಿಟಿಷ್ ಪ್ರಧಾನಿ ಟೋನಿ ಬ್ಲೇರ್ ಮತ್ತು ಐರ್ಲೆಂಡಿನ ಪ್ರಧಾನಿ ಬರ್ಟಿ ಅಹೆರ್ನ್ ಸ್ವಾಗತಿಸಿದರು. ಪೇಸ್ಲಿ ಅಂದು ನಂಬಲಿಲ್ಲ. ಆದರೂ 2007ರ ಮೇ 8ರಂದು ಅದೇ ಪೇಸ್ಲಿ, ಒಂದು ಕಾಲದಲ್ಲಿ ಐಆರ್‌ಎ ನಾಯಕನಾಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಜೊತೆ ಸರಕಾರ ರಚಿಸಿದರು. ಫಾದರ್ ರೀಡ್ 2013ರ ನವೆಂಬರ್‌ನಲ್ಲಿ ತೀರಿಕೊಂಡರು.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಕರ್ನಾಟಕದ ನಂತರದ್ದು. 2025ರ ಅಕ್ಟೋಬರ್ 17ರಂದು ಛತ್ತೀಸ್‌ಗಢದ ಜಗದಲ್‌ಪುರದಲ್ಲಿ 210 ಮಾವೋವಾದಿಗಳು ಒಟ್ಟಿಗೆ ಶರಣಾದಾಗ 153 ಶಸ್ತ್ರಗಳನ್ನು ಒಪ್ಪಿಸಿದರು. ಅವರ ಕೈಗೂ ಗುಲಾಬಿ ಮತ್ತು ಸಂವಿಧಾನದ ಪ್ರತಿ ಕೊಡಲಾಯಿತು. ಅಲ್ಲಿರುವುದು ಬಿಜೆಪಿ ಸರಕಾರ. ಆದುದರಿಂದ ಗುಲಾಬಿ ಕೊಡುವುದು ಒಂದು ಪಕ್ಷದ ದೌರ್ಬಲ್ಯ ಎಂಬ ಟೀಕೆ ಅಷ್ಟು ಗಟ್ಟಿಯಲ್ಲ. ಕೋವಿ ಕಣ್ಣೆದುರು ಇರಬೇಕಿತ್ತು ಎಂಬ ಟೀಕೆಗೆ ಮಾತ್ರ ಬಲ ಬಂತು. ಹಾಗೆಂದು ಕೇಂದ್ರದ ನಿಲುವು ಮೃದುವಾಗಿತ್ತು ಎಂದಲ್ಲ. ಅದಕ್ಕೂ ಕೆಲವೇ ವಾರ ಮೊದಲು ಮಾವೋವಾದಿಗಳು ಕದನವಿರಾಮ ಕೇಳಿದಾಗ, ಕದನವಿರಾಮ ಇಲ್ಲ, ಶಸ್ತ್ರ ಕೆಳಗಿಡಿ ಎಂದು ಗೃಹ ಸಚಿವ ಅಮಿತ್ ಶಾ ಹೇಳಿದ್ದರು.

ಹಿಂದಿನ ಪ್ರಯತ್ನಗಳು

ಕರ್ನಾಟಕದ ಈ ಕಥೆ 2025ರಲ್ಲಿ ಶುರುವಾದದ್ದಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಿಂದ ಒಕ್ಕಲೆಬ್ಬಿಸುವ ಭಯ ಹುಟ್ಟಿದ ಹಳ್ಳಿಗಳಲ್ಲಿ ನಕ್ಸಲರಿಗೆ ನೆಲೆ ಸಿಕ್ಕಿತು. 2003ರ ನವೆಂಬರ್ 17ರಂದು ಕಾರ್ಕಳ ತಾಲೂಕಿನ ಈದುವಿನಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. ಧರ್ಮಸಿಂಗ್ ಮುಖ್ಯಮಂತ್ರಿಯಾಗಿದ್ದಾಗ ಪತ್ರಕರ್ತೆ ಗೌರಿ ಲಂಕೇಶ್ ಮತ್ತಿತರರು ಮಾತುಕತೆಗೆ ಪ್ರಯತ್ನಿಸಿದರು. ಅದು ಕುದುರುವ ಮೊದಲೇ 2005ರ ಫೆಬ್ರವರಿ 6ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ನಾಯಕ ಸಾಕೇತ್ ರಾಜನ್ ಹತರಾದರು. ನಾಲ್ಕೇ ದಿನದಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ ಪೊಲೀಸರ ಶಿಬಿರದ ಮೇಲೆ ದಾಳಿ ನಡೆದು ಪೊಲೀಸರು ಪ್ರಾಣ ತೆತ್ತರು. ಮಾತುಕತೆಯ ಬಾಗಿಲು ಒಂಬತ್ತು ವರ್ಷ ಮುಚ್ಚಿತು.

ಅದನ್ನು ಮತ್ತೆ ತೆರೆದವರಲ್ಲಿ ನಮ್ಮ ಪಕ್ಕದ ಜಯನಗರದ ಒಬ್ಬ ಅಜ್ಜ ಇದ್ದರು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ. ಆಗ ಅವರಿಗೆ 96 ವರ್ಷ. ಅವರು, ಗೌರಿ ಲಂಕೇಶ್ ಮತ್ತು ಕೊಡಗಿನ ಹಿರಿಯ ವಕೀಲ, ರಾಜಕಾರಣಿ ಎ.ಕೆ. ಸುಬ್ಬಯ್ಯ ಸೇರಿ ಸರಕಾರದೊಂದಿಗೆ ಮಾತಾಡಿದರು. 2014ರ ಡಿಸೆಂಬರ್ 8ರಂದು ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತದ ಮುಂದೆ ಹಾಜರಾದರು. ಆಗಲೂ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ. ನೂರ್ ಶ್ರೀಧರ್ ಮುಂದೆ 2025ರ ಮಾತುಕತೆಯಲ್ಲಿ ಈ ಬದಿಯಿಂದ ಕೆಲಸ ಮಾಡಿದರು. ಮಧ್ಯಸ್ಥಿಕೆ ವಹಿಸಿದ ಮೂವರೂ 2025ರ ಜನವರಿಯನ್ನು ನೋಡಲು ಉಳಿದಿರಲಿಲ್ಲ. ಗೌರಿ ಅವರನ್ನು 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದ ಅವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಸುಬ್ಬಯ್ಯ 2019ರಲ್ಲಿ ತೀರಿಕೊಂಡರು. ದೊರೆಸ್ವಾಮಿ 2021ರ ಮೇ 26ರಂದು, 103ರ ವಯಸ್ಸಿನಲ್ಲಿ, ಜಯದೇವ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

2016 ಮತ್ತು 2017ರಲ್ಲಿಯೂ ಹಲವರು ಬಂದರು. ಅವರಲ್ಲಿ ಕೆಲವರ ಅನುಭವ ಸಿಹಿಯಾಗಿರಲಿಲ್ಲ. ಒಬ್ಬ ತಾಯಿ ಎಳೆಯ ಮಗುವಿನೊಂದಿಗೆ ವರ್ಷಗಳ ಕಾಲ ಜೈಲಿನಲ್ಲೇ ಇರಬೇಕಾಯಿತು. ಒಂದು ಜಿಲ್ಲೆಯ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿದರೆ ಇನ್ನೊಂದು ಜಿಲ್ಲೆಯ ವಾರಂಟ್ ಕಾದಿರುತ್ತಿತ್ತು. ಎಲ್ಲಾ ಪ್ರಕರಣ ಒಂದೇ ಕಡೆ ಬರಲಿ ಎಂದು ಲತಾ ಮತ್ತು ಇತರರು ಮೊದಲ ಬೇಡಿಕೆಯನ್ನಾಗಿ ಇಟ್ಟದ್ದು ಇದಕ್ಕೇ. ‘ಕೃಷ್ಣಾ’ದಲ್ಲಿ ಸ್ವಾಗತ ಪಡೆದ ಆರು ಮಂದಿಯೂ ಮರುದಿನವೇ ಬೆಂಗಳೂರಿನ ಎನ್‌ಐಎ ವಿಶೇಷ ನ್ಯಾಯಾಲಯದ ಮುಂದೆ ನಿಂತು ನ್ಯಾಯಾಂಗ ಬಂಧನಕ್ಕೆ ಹೋದರು. ಹೂವು ಕೊಟ್ಟು ಕಳುಹಿಸಿಬಿಟ್ಟರು ಎಂಬ ಮಾತು ಸರಿಯಲ್ಲ.

ಭೂಮಿಯ ಪ್ರಶ್ನೆ

ಸುಂದರಿಯವರ ಊರು ಕುತ್ಲೂರು. ಬೆಳ್ತಂಗಡಿ ತಾಲೂಕಿನ ಈ ಮಲೆಕುಡಿಯರ ಗ್ರಾಮದ ಇನ್ನೊಂದು ಮನೆಯ ಕಥೆಯನ್ನೂ ಇಲ್ಲಿ ನೆನಪಿಸಬೇಕು. 2012ರ ಮಾರ್ಚ್‌ನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿದರು. ಸಾಕ್ಷ್ಯವೆಂದು ಮನೆಯಿಂದ ಕೊಂಡುಹೋದ ವಸ್ತುಗಳಲ್ಲಿ ಪುಸ್ತಕಗಳೂ ಇದ್ದವು. ಕೈಕೋಳದಲ್ಲೇ ಪರೀಕ್ಷೆಗೆ ಕರೆದುಕೊಂಡು ಬಂದ ಚಿತ್ರ ಅಂದು ಎಲ್ಲಾ ಕಡೆ ಪ್ರಕಟವಾಗಿತ್ತು. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಅಷ್ಟರಲ್ಲಿ ಒಂಬತ್ತೂವರೆ ವರ್ಷ ಕಳೆದಿತ್ತು. ಒಂದೇ ಊರಿನ ಒಬ್ಬಳು ಕಾಡಿಗೆ ಹೋದಳು, ಒಬ್ಬ ಓದಲು ಹೋದ. ಇಬ್ಬರ ಬೆನ್ನಿಗೂ ಪೊಲೀಸರಿದ್ದರು.

ಇಂಥ ಹಳ್ಳಿಗಳಲ್ಲಿ ಕೆಲಸ ಮಾಡುವ ನಮ್ಮ ಸಮಾಜಸೇವಾ ಕಾರ್ಯಕರ್ತರಿಗೆ ಉಪಯೋಗವಾಗುವ ಒಂದು ಮಾಹಿತಿ: 2006ರ ಅರಣ್ಯ ಹಕ್ಕು ಕಾಯಿದೆಯಂತೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಭೂಮಿಯ ಅನುಭವದಲ್ಲಿದ್ದರೆ ಹಕ್ಕುಪತ್ರಕ್ಕೆ ಅರ್ಜಿ ಹಾಕಬಹುದು. ಇತರ ಪಾರಂಪರಿಕ ಅರಣ್ಯವಾಸಿಗಳು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಿಂದ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಅರುವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಆರು ಜನರ ಬೇಡಿಕೆ ಪತ್ರದಲ್ಲಿದ್ದ ಭೂಮಿಯ ಮಾತು ಈ ಕಡತಗಳಲ್ಲೇ ಇತ್ಯರ್ಥವಾಗಬೇಕಾದದ್ದು.

ದಳದ ಮುಂದಿನ ದಾರಿ

ನಕ್ಸಲರಿಲ್ಲವೆಂದ ಮೇಲೆ ನಕ್ಸಲ್ ನಿಗ್ರಹ ದಳ ಯಾಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಕಾರ್ಕಳದಲ್ಲಿ ಕೇಂದ್ರ ಸ್ಥಾನವಿದ್ದ ಈ ದಳಕ್ಕೆ 656 ಹುದ್ದೆಗಳಿದ್ದವು. 2025ರ ಏಪ್ರಿಲ್–ಮೇ ತಿಂಗಳಲ್ಲಿ ಮಂಗಳೂರು ಸುತ್ತಮುತ್ತ ನಡೆದ ಕೊಲೆಗಳ ನಂತರ ಸರಕಾರ ಅದರಿಂದ 248 ಮಂದಿಯನ್ನು ತೆಗೆದು ಕೋಮು ಹಿಂಸೆ ತಡೆಯುವ ‘ವಿಶೇಷ ಕಾರ್ಯಪಡೆ’ ರಚಿಸಿತು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳು ಅದರ ವ್ಯಾಪ್ತಿ. ಜೂನ್ 13ರಂದು ಗೃಹ ಸಚಿವ ಪರಮೇಶ್ವರ ಮಂಗಳೂರಿನಲ್ಲಿ ಅದನ್ನು ಉದ್ಘಾಟಿಸಿದರು. ಐದು ತಿಂಗಳ ಹಿಂದೆ ‘ಕೃಷ್ಣಾ’ದಲ್ಲಿ ಮುಖ್ಯಮಂತ್ರಿಗಳ ಪಕ್ಕದಲ್ಲಿ ನಿಂತಿದ್ದವರು ಅವರೇ. ಮೇಗೂರು, ಕಬ್ಬಿನಾಲೆಯ ಕಾಡು ಸುತ್ತಿದ ದಳದ ಒಂದು ಪಾಲು ಹೀಗೆ ಘಟ್ಟ ಇಳಿದು ಪೇಟೆಯ ಕಾವಲಿಗೆ ಬಂತು.